ಅಳೆಯುವ ಕೋಲು

ಕಳೆದ ಭಾನುವಾರ ಸಂಜೆ ನಮ್ಮ ಮನೆಯ ಪಡಸಾಲೆ ಒಂದು ನ್ಯಾಯಸ್ಥಾನವಾಗಿ ಮಾರ್ಪಟ್ಟಿತ್ತು. ವಿಚಾರಣೆಗೆ ಬಂದ ಮೊಕದ್ದಮೆ ಇದು: ಯೋಗ್ಯತೆಗಿಂತ ಹೆಚ್ಚಿನ ಕೀರ್ತಿಯನ್ನು ಅನುಭವಿಸುತ್ತಿರುವ ಸಾಹಿತಿ ಯಾರು? ಆರೋಪಿಗಳಲ್ಲಿ ಬಹುಮಂದಿ ದಿವಂಗತರು. ಆದುದರಿಂದ ವಕೀಲರಿಗೆ ಯಾವ ಭಯವೂ ಇರಲಿಲ್ಲ.

ವಾದವನ್ನು ಹೂಡಿದವನು ನನ್ನ ಭಾವಮೈದುನ. ಅವನು ಮೊದಲು ಕನ್ನಡದ ಹೆಸರುಗಳನ್ನೇ ಎತ್ತಿದನು. ಆದರೆ ನಮ್ಮಲ್ಲಿ ಒಬ್ಬೊಬ್ಬ ಕವಿಗೂ ಒಬ್ಬೊಬ್ಬ ಭಕ್ತರಿದ್ದಾರೆ. ಒಂದು ಹೆಸರು ಹೊರಟೊಡನೆ ಅಡುಗೆಮನೆಯಿಂದ ನನ್ನ ಮಡದಿಯ ಆಕ್ಷೇಪಣೆ ಬಂತು. ಇನ್ನೊಂದಕ್ಕೆ ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಕನ್ನಡಕವನ್ನು ತೆಗೆದು ಒರೆಸತೊಡಗಿದರು. ಮೇಷ್ಟ್ರು ಕನ್ನಡಕವನ್ನು ಒರೆಸಿದರೆಂದರೆ ಅವರಿಗೆ ಕೋಪ ಬಂದಿದೆ ಎಂದು ತಿಳಿಯಬೇಕು. ಕೂಡಲೆ ಅವನು ಸಮುದ್ರವನ್ನು ದಾಟಿ, ಯಾರ ನೆಂಟನೂ ಅಲ್ಲದ ಷೇಕ್ಸ್‌ಪಿಯರನನ್ನು ಕಟಕಟೆಗೆ ತಂದು ನಿಲ್ಲಿಸಿದನು.

“ನಾನೂರು ವರ್ಷಗಳಿಂದ ಎಲ್ಲರೂ ಹೊಗಳುತ್ತಿದ್ದಾರೆಂದು ನಾವೂ ಹೊಗಳುತ್ತಿದ್ದೇವೆ, ಭಾವ. ಬೇರೆ ಕಾರಣವಿದ್ದರೆ ಹೇಳಿ. ಟಾಲ್‌ಸ್ಟಾಯ್‌ನಂಥ ಮಹಾಪುರುಷನೇ ಅವನನ್ನು ಒಪ್ಪಲಿಲ್ಲವಂತೆ!”

ನಾನು ಸುಮ್ಮನಿರುವುದುಂಟೆ? ವಿಶ್ವಕವಿ ಎಂದೆ, ಮಾನವಹೃದಯದ ಮರ್ಮವನ್ನು ಬಲ್ಲವನು ಎಂದೆ. ನನ್ನ ಭಾಷಣ ಉತ್ಕರ್ಷಕ್ಕೇರುತ್ತಿದ್ದಾಗ ಮೂಲೆಯಲ್ಲಿ ಕುಳಿತಿದ್ದ ನನ್ನ ಮಗಳು ಮೆಲ್ಲನೆ ಕೇಳಿದಳು: “ಅಪ್ಪಾ, ಅವನ ನಾಟಕಗಳಲ್ಲಿ ನೀವು ಪೂರ್ತಿ ಓದಿರುವುದು ಎಷ್ಟು?”

ಗಾಜಿನ ಬೀರುವಿನಲ್ಲಿ ಅವನ ಸಮಗ್ರ ಕೃತಿಗಳ ಸಂಪುಟ ಕೆಂಪು ರಟ್ಟನ್ನು ಹೊದ್ದು ಕುಳಿತಿದೆ. ಕಾಲೇಜಿನಲ್ಲಿ ನನಗೆ ಬಹುಮಾನವಾಗಿ ಬಂದದ್ದು. ಅದರಲ್ಲಿ 37 ನಾಟಕಗಳಿವೆ. ನಾನು ಮನಸ್ಸಿನಲ್ಲೇ ಎಣಿಸಿದೆ. ನಾಲ್ಕು. ಅವುಗಳಲ್ಲಿಯೂ ಎರಡು, ಪರೀಕ್ಷೆಗೆ ಇಟ್ಟಿದ್ದರೆಂದು ಓದಿದವು. ಸತ್ಯವನ್ನು ಒಪ್ಪಿಕೊಂಡೆ. ಭಾವಮೈದುನ ಗಟ್ಟಿಯಾಗಿ ನಕ್ಕನು. ಮಗಳು ಅವನ ಕಡೆಗೆ ತಿರುಗಿ, “ನೀವು, ಮಾವ?” ಎಂದಳು. ಅವನು ಎರಡು ನಾಟಕಗಳನ್ನು ಬಲ್ಲನು; ಎರಡನ್ನೂ ಬಲ್ಲದ್ದು ಸಿನಿಮಾ ನೋಡಿ. ಟಾಲ್‌ಸ್ಟಾಯ್ ಬರೆದದ್ದನ್ನಾದರೂ ಓದಿದ್ದನೇ ಎಂದರೆ ಅದೂ ಇಲ್ಲ. ಯಾರೋ ಹೇಳಿದ್ದನ್ನು ಕೇಳಿದ್ದನಷ್ಟೆ. ಅಂತೂ ನನ್ನ ಹೊಗಳಿಕೆ ಎಷ್ಟು ಸಾಲದ್ದೋ ಅವನ ತೆಗಳಿಕೆಯೂ ಅಷ್ಟೇ ಸಾಲದ್ದಾಗಿತ್ತು. “ಕಾಫಿ ಆರುತ್ತಿದೆ” ಎಂದು ಮಡದಿ ಕರೆದು ನಮ್ಮಿಬ್ಬರ ಮಾನವನ್ನೂ ಕಾಪಾಡಿದಳು.

ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಎದ್ದು, ಟಾಲ್‌ಸ್ಟಾಯ್‌ನ ಆ ಪ್ರಬಂಧವನ್ನು ಹುಡುಕಿ ಓದಿದೆ. ಓದುಗ ಮಿತ್ರರೇ, ಅದನ್ನು ಓದಿದ ಮೇಲೆ ನಮ್ಮ ಪಡಸಾಲೆಯ ವಾದವನ್ನು ನೆನೆದು ನಾಚಿಕೆಯಾಯಿತು.

ಆ ಪ್ರಬಂಧ ಪ್ರಕಟವಾದದ್ದು 1906ರಲ್ಲಿ. ಆದರೆ ಅದರ ಹಿಂದೆ ಐವತ್ತು ವರ್ಷಗಳ ಓದು ಇತ್ತು. ಲೋಕವೆಲ್ಲ ಮೆಚ್ಚಿದ್ದು ತನಗೇಕೆ ರುಚಿಸದು, ದೋಷ ತನ್ನಲ್ಲಿಯೇ ಇರಬಹುದೇ ಎಂಬ ಸಂಶಯದಿಂದ ಟಾಲ್‌ಸ್ಟಾಯ್ ಆ ನಾಟಕಗಳನ್ನು ರಷ್ಯನ್ನಿನಲ್ಲಿ, ಇಂಗ್ಲಿಷಿನಲ್ಲಿ, ಜರ್ಮನ್ನಿನಲ್ಲಿ ಮತ್ತೆ ಮತ್ತೆ ಓದಿದನು. 75ನೆಯ ವಯಸ್ಸಿನಲ್ಲಿ, ತೀರ್ಪನ್ನು ಬರೆಯುವ ಮುನ್ನ, ಇನ್ನೊಮ್ಮೆ ಎಲ್ಲವನ್ನೂ ಓದಿದನು. ಪ್ರತಿ ಸಲವೂ ಬೇಸರವೇ ಉಳಿಯಿತೆಂದು ಬರೆದನು. “ಲಿಯರ್ ಮಹಾರಾಜ”ನ ಕಥೆಯನ್ನು ಎತ್ತಿಕೊಂಡು ದೃಶ್ಯ ದೃಶ್ಯವಾಗಿ ಬಿಡಿಸಿದನು. ಎಂಬತ್ತು ಮೀರಿದ ತಂದೆಗೆ ತನ್ನ ಹೆಣ್ಣುಮಕ್ಕಳ ಸ್ವಭಾವ ತಿಳಿಯದಿರುವುದುಂಟೆ? ರಾಜನೂ ಸೇವಕನೂ ಒಂದೇ ಬಗೆಯ ಆಡಂಬರದ ಮಾತನ್ನಾಡುವುದುಂಟೆ? 1605ರಲ್ಲಿ ಅಚ್ಚಾದ, ಕರ್ತೃವಿನ ಹೆಸರಿಲ್ಲದ ಹಳೆಯ ಲಿಯರ್ ನಾಟಕವೇ ಇದಕ್ಕಿಂತ ಮೇಲು. ಅದರಲ್ಲಿ ರಾಜನ ನಡತೆಗೆ ಕಾರಣವಾದರೂ ಇದೆ ಎಂದನು. ಷೇಕ್ಸ್‌ಪಿಯರನ ಕೀರ್ತಿ ಗಯಟೆ ಮೊದಲಾದ ಜರ್ಮನ್ ಪಂಡಿತರಿಂದ ಆರಂಭವಾಗಿ ಸಾಂಕ್ರಾಮಿಕ ರೋಗದಂತೆ ಹಬ್ಬಿತೆಂಬುದು ಅವನ ಅಭಿಪ್ರಾಯ.

ಇದನ್ನೆಲ್ಲ ಅಸೂಯೆ ಎಂದು ತಳ್ಳಿಹಾಕುವಂತಿಲ್ಲ. ಏಕೆಂದರೆ ಈ ಕೋಲಿನಿಂದ ಟಾಲ್‌ಸ್ಟಾಯ್ ತನ್ನನ್ನೂ ಅಳೆದುಕೊಂಡಿದ್ದನು. ಕಲೆಯೆಂದರೇನು ಎಂದು ವಿಚಾರಿಸಿ 1898ರಲ್ಲಿ ಹೊರತಂದ ಗ್ರಂಥದಲ್ಲಿ, ಎರಡು ಸಣ್ಣ ಕಥೆಗಳನ್ನು ಬಿಟ್ಟು ತನ್ನ ಕೃತಿಗಳನ್ನೆಲ್ಲ ಕೀಳು ಕಲೆಯ ಪಟ್ಟಿಗೆ ಸೇರಿಸಿದನು. “ಯುದ್ಧ ಮತ್ತು ಶಾಂತಿ”ಗೂ ರಿಯಾಯಿತಿ ಸಿಗಲಿಲ್ಲ. 1901ರಲ್ಲಿ ಮೊದಲ ನೊಬೆಲ್ ಸಾಹಿತ್ಯ ಬಹುಮಾನ ತನಗೆ ಬಾರದೆ ಫ್ರೆಂಚ್ ಕವಿ ಸುಲ್ಲಿ ಪ್ರುದೋಮ್‌ನಿಗೆ ಹೋದಾಗ, ಸ್ವೀಡನ್ನಿನ ಲೇಖಕರೂ ಕಲಾವಿದರೂ ಸೇರಿ ಟಾಲ್‌ಸ್ಟಾಯ್‌ನಿಗೆ ಪತ್ರ ಬರೆದು ವಿಷಾದ ಸೂಚಿಸಿದರು. ಆ ಹಣವನ್ನು ಏನು ಮಾಡಬೇಕೆಂಬ ಚಿಂತೆ ತಪ್ಪಿತೆಂದು ಅವನು ಸಂತೋಷವನ್ನೇ ಪಟ್ಟನು. ಇಂದು ಪ್ರುದೋಮನ ಕವಿತೆಗಳನ್ನು ಫ್ರಾನ್ಸಿನ ಹೊರಗೆ ಓದುವವರು ವಿರಳ. ಕೀರ್ತಿ ಯೋಗ್ಯತೆಯನ್ನು ಮೀರುವುದುಂಟು ಎಂಬ ಭಾವಮೈದುನನ ಮಾತಿನಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ.

ಷೇಕ್ಸ್‌ಪಿಯರನ ಕೀರ್ತಿಯೂ ಒಂದೇ ಸಮನಾಗಿ ಹರಿದುಬಂದದ್ದಲ್ಲ. 1681ರಲ್ಲಿ ನೇಹಮ್ ಟೇಟ್ ಎಂಬವನು ಲಿಯರ್ ನಾಟಕವನ್ನು ತಿದ್ದಿ, ಕಾರ್ಡೀಲಿಯಳನ್ನು ಬದುಕಿಸಿ, ಅವಳಿಗೆ ಮದುವೆಯನ್ನೂ ಮಾಡಿಸಿದನು. ಮೂಲಕೃತಿಯ ದುರಂತ ಜನರಿಗೆ ಸಹ್ಯವಾಗಲಿಲ್ಲ. 1838ರವರೆಗೂ ಆಂಗ್ಲ ರಂಗಭೂಮಿಯಲ್ಲಿ ಮೆರೆದದ್ದು ಈ ತಿದ್ದುಪಡಿಯ ಸಂತಾನವೇ.

ಟಾಲ್‌ಸ್ಟಾಯ್‌ನಿಗೆ ಉತ್ತರ ಬಂದದ್ದು ಅವನು ತೀರಿಕೊಂಡು 37 ವರ್ಷಗಳಾದ ಮೇಲೆ. 1947ರಲ್ಲಿ ಆಂಗ್ಲ ಲೇಖಕ ಜಾರ್ಜ್ ಆರ್ವೆಲ್ ಒಂದು ಪ್ರಬಂಧವನ್ನು ಬರೆದನು. ಕವಿಯೊಬ್ಬ ಶ್ರೇಷ್ಠನೆಂದು ತರ್ಕದಿಂದ ಸಿದ್ಧಪಡಿಸುವುದು ಅಸಾಧ್ಯ. ಓದುವವರು ಉಳಿದಿದ್ದಾರೆಂಬುದೇ ಅವನ ಸಾಕ್ಷಿ ಎಂದು ಆತ ಒಪ್ಪಿಕೊಂಡನು. ಆದರೆ ಒಂದು ಪ್ರಶ್ನೆಯನ್ನು ಕೇಳಿದನು: ಅಷ್ಟು ನಾಟಕಗಳಿರುವಾಗ ಟಾಲ್‌ಸ್ಟಾಯ್‌ನ ಕೋಪ ಲಿಯರನ ಮೇಲೆಯೇ ಏಕೆ ತಿರುಗಿತು? ಲಿಯರ್ ರಾಜ್ಯವನ್ನು ಹಂಚಿಕೊಟ್ಟನು. ಟಾಲ್‌ಸ್ಟಾಯ್ ತನ್ನ ಆಸ್ತಿಯನ್ನು ಹೆಂಡತಿ ಮಕ್ಕಳಿಗೆ ಹಂಚಿದನು. ತ್ಯಾಗದಿಂದ ಲಿಯರನಿಗೆ ಶಾಂತಿ ದೊರೆಯಲಿಲ್ಲ, ಟಾಲ್‌ಸ್ಟಾಯ್‌ನಿಗೂ ದೊರೆಯಲಿಲ್ಲ. 1910ರಲ್ಲಿ, 82ನೆಯ ವಯಸ್ಸಿನಲ್ಲಿ, ಅವನು ಕತ್ತಲೆಯಲ್ಲಿ ಮನೆಯನ್ನು ಬಿಟ್ಟು ಹೊರಟನು. ಮೊದಲು ವೈದ್ಯನೊಬ್ಬನು ಜತೆಗಿದ್ದನು. ಬಳಿಕ ಮಗಳು ಅಲೆಕ್ಸಾಂಡ್ರ ಬಂದು ಸೇರಿದಳು. ಅಸ್ತಪೋವೊ ಎಂಬ ಚಿಕ್ಕ ರೈಲ್ವೆ ನಿಲ್ದಾಣದಲ್ಲಿ, ಸ್ಟೇಷನ್ ಮಾಸ್ಟರನ ಮನೆಯಲ್ಲಿ ಪ್ರಾಣಬಿಟ್ಟನು. ಅಸಂಭವವೆಂದು ತಾನು ಹಳಿದ ನಾಟಕದ ನೆರಳು ಅವನ ಅಂತ್ಯದ ಮೇಲೆಯೇ ಬಿದ್ದಿತ್ತು.

ಮರುದಿನ ಸಂಜೆ ಈ ಸಂಗತಿಗಳನ್ನೆಲ್ಲ ಮೇಷ್ಟ್ರಿಗೆ ಹೇಳಿದೆ. ಹಿಂದಿನ ದಿನ ಅವರು ಷೇಕ್ಸ್‌ಪಿಯರನ ಪರವಾಗಿಯಾಗಲಿ ವಿರೋಧವಾಗಿಯಾಗಲಿ ಒಂದು ಮಾತನ್ನೂ ಆಡಿರಲಿಲ್ಲ. ಇಂದು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು:

“ಲಿಯರನನ್ನು ನಾನು ಇಪ್ಪತ್ತರಲ್ಲಿ ಪರೀಕ್ಷೆಗಾಗಿ ಓದಿದೆ. ಮೊದಲ ದೃಶ್ಯ ನಂಬುವಂತಿಲ್ಲವೆಂದು ಉತ್ತರಪತ್ರಿಕೆಯಲ್ಲಿ ಬರೆದೆ. ಒಳ್ಳೆಯ ಅಂಕಗಳೂ ಬಂದವು. ಮಕ್ಕಳು ಮುದುಕನ ಪರಿವಾರವನ್ನು ಇಳಿಸುತ್ತಾರಲ್ಲ, 100 ಮಂದಿ ಸರದಾರರು ಏಕೆ, 50 ಸಾಲದೆ, 25 ಸಾಲದೆ, ಒಬ್ಬನಾದರೂ ಏಕೆ ಎಂದು, ಆ ಲೆಕ್ಕ ನನಗೆ ಆಗ ಸರಿಯೆಂದೇ ತೋರಿತ್ತು.”

ಮೇಷ್ಟ್ರು ನಾಲ್ಕು ವರ್ಷಗಳ ಹಿಂದೆ ಮನೆಯನ್ನು ಇಬ್ಬರು ಮಕ್ಕಳಿಗೆ ಭಾಗಮಾಡಿ ಕೊಟ್ಟು, ಬೀದಿಯ ಕಡೆಯ ಕೋಣೆಯನ್ನು ತಮಗೆ ಇಟ್ಟುಕೊಂಡಿದ್ದಾರೆ.

“ನನ್ನ ಮಕ್ಕಳು ಒಳ್ಳೆಯವರು. ಸೊಸೆಯರೂ ಒಳ್ಳೆಯವರು. ಊಟಕ್ಕಾಗಲಿ ಔಷಧಿಗಾಗಲಿ ಕೊರತೆಯಿಲ್ಲ. ಕಳೆದ ವರ್ಷ ಸೊಸೆ ಕೇಳಿದಳು, ಒಂದು ಮನೆಗೆ ಎರಡು ದಿನಪತ್ರಿಕೆ ಏಕೆ ಮಾವ, ಒಂದು ಸಾಲದೆ ಎಂದು. ನ್ಯಾಯವಾದ ಮಾತು. ಒಂದನ್ನು ನಿಲ್ಲಿಸಿದೆವು. ಅಂದು ರಾತ್ರಿ ಮಾಸ್ತಿಯವರು ಕನ್ನಡಕ್ಕೆ ತಂದಿರುವ ‘ಲಿಯರ್ ಮಹಾರಾಜ’ವನ್ನು ತೆಗೆದು ಆ ದೃಶ್ಯವನ್ನು ಓದಿದೆ. ಲೆಕ್ಕ ಈಗಲೂ ಸರಿಯಾಗಿಯೇ ಇದೆ. ಮುಂದಕ್ಕೆ ಓದಲು ಮಾತ್ರ ನನ್ನಿಂದ ಆಗಲಿಲ್ಲ.”

ಹೀಗೆಂದು ಅವರು ಕನ್ನಡಕವನ್ನು ತೆಗೆದು ಒರೆಸಿದರು. ಆದರೆ ಅವರಿಗೆ ಕೋಪ ಬಂದಿರಲಿಲ್ಲ.

ಷೇಕ್ಸ್‌ಪಿಯರನ ಕೀರ್ತಿ ಹೆಚ್ಚೋ ಕಡಮೆಯೋ ಎಂಬ ಪ್ರಶ್ನೆಗೆ ಮೇಷ್ಟ್ರ ಮಾತು ಉತ್ತರವಾಯಿತೆಂದು ನಾನು ಹೇಳುವುದಿಲ್ಲ. ಟಾಲ್‌ಸ್ಟಾಯ್ ಎತ್ತಿದ ಆಕ್ಷೇಪಣೆಗಳಲ್ಲಿ ಕೆಲವು ಇಂದಿಗೂ ನಿಲ್ಲತಕ್ಕವೇ. ಆದರೆ ಇಪ್ಪತ್ತರಲ್ಲಿ ಮೇಷ್ಟ್ರು ಕೊಟ್ಟ ತೀರ್ಪನ್ನು ಎಪ್ಪತ್ತರಲ್ಲಿ ಮೇಷ್ಟ್ರೇ ರದ್ದುಮಾಡಿದ್ದಾರೆ. ಆ ನಡುವೆ ಪುಸ್ತಕದಲ್ಲಿ ಒಂದು ಅಕ್ಷರವೂ ಬದಲಾಗಿರಲಿಲ್ಲ. ದೊಡ್ಡವರೆನಿಸಿಕೊಂಡವರನ್ನು ಪ್ರಶ್ನಿಸುವುದು ತಪ್ಪಲ್ಲ. ಓದಿ ಮೆಚ್ಚದವನು ಓದದೆ ಮೆಚ್ಚುವವನಿಗಿಂತ ಕವಿಗೆ ಹೆಚ್ಚಿನ ಗೌರವವನ್ನು ಸಲ್ಲಿಸುತ್ತಾನೆ. ಈ ಲೆಕ್ಕದಲ್ಲಿ, ಷೇಕ್ಸ್‌ಪಿಯರನನ್ನು ನನಗಿಂತ ಟಾಲ್‌ಸ್ಟಾಯ್ ಎಷ್ಟೋ ಮಿಗಿಲಾಗಿ ಗೌರವಿಸಿದನು.

ಈ ವಿಚಾರವನ್ನು ನಮ್ಮ ಕನ್ನಡದ ಹಿರಿಯರಿಗೂ ಅನ್ವಯಿಸಬಹುದು. ನಿಮ್ಮ ಮನೆಯಲ್ಲಿಯೂ ಗಾಜಿನ ಬೀರು ಇದ್ದೀತು. ನೀವು ಬಾಯ್ತುಂಬ ಹೊಗಳುತ್ತ ಬಂದ ಒಬ್ಬರ ಪುಸ್ತಕವನ್ನೂ, ಮೂಗುಮುರಿಯುತ್ತ ಬಂದ ಇನ್ನೊಬ್ಬರ ಪುಸ್ತಕವನ್ನೂ ಈ ತಿಂಗಳು ಹೊರಕ್ಕೆ ತೆಗೆಯಿರಿ. ಕೊನೆಯ ಪುಟದವರೆಗೂ ಓದಿರಿ. ಅನಂತರ ಹೊಗಳಿರಿ, ತೆಗಳಿರಿ. ಎರಡೂ ನಿಮ್ಮ ಸ್ವಂತದ್ದಾಗಿರುತ್ತದೆ.

ನಮ್ಮ ಮೊಕದ್ದಮೆಯನ್ನು ಸದ್ಯಕ್ಕೆ ಮುಂದೂಡಲಾಗಿದೆ. ಭಾವಮೈದುನ ಕೆಂಪು ರಟ್ಟಿನ ಸಂಪುಟವನ್ನು ಕೇಳಿಕೊಂಡು ಹೋಗಿದ್ದಾನೆ. ಅವನ ಕೈಸೇರಿದ ಪುಸ್ತಕಗಳ ಹಿಂದಿನ ಇತಿಹಾಸವನ್ನು ಬಲ್ಲ ನಾನು ತಾರೀಖನ್ನು ಡೈರಿಯಲ್ಲಿ ಗುರುತು ಹಾಕಿಕೊಂಡಿದ್ದೇನೆ. ನನಗೂ ಬಿಡುಗಡೆಯಿಲ್ಲ. ಮುಂದಿನ ವಿಚಾರಣೆಯೊಳಗೆ ಐದನೆಯ ನಾಟಕವನ್ನು ಓದಿ ಮುಗಿಸಬೇಕೆಂದು ಮಗಳ ಆಜ್ಞೆಯಾಗಿದೆ. ಮೇಷ್ಟ್ರ ಮನೆಯಿಂದ “ಲಿಯರ್ ಮಹಾರಾಜ” ಬಂದು ನನ್ನ ಮೇಜಿನ ಮೇಲೆ ಕುಳಿತಿದೆ. ಬರುವಾಗ ನಮ್ಮ ಮನೆಯ ದಿನಪತ್ರಿಕೆಯನ್ನು ಅಲ್ಲಿ ಬಿಟ್ಟುಬಂದೆ. ನಾವು ಓದಿಯಾದ ಮೇಲೆ ದಿನವೂ ಅದು ಮೇಷ್ಟ್ರ ಕೋಣೆಗೆ ಹೋಗತಕ್ಕದ್ದೆಂದು ನನ್ನ ಮಡದಿ ತೀರ್ಪು ಕೊಟ್ಟಿದ್ದಾಳೆ.