ಡಬ್ಬಿ ಒಡೆಯದೆ ಗೊಂಬೆಯ ಗುಣ ಹೇಳುವುದು ಹೇಗೆ?

ಹೋದ ದೀಪಾವಳಿಯ ಬೋನಸ್ ಬಂದ ವಾರ ನಮ್ಮ ಟೂಲ್‌ರೂಮಿನ ಹುಡುಗನೊಬ್ಬ ಮನೆಗೆ ಬಂದ. ಜಮಖಂಡಿ ಕಡೆಯವನು. ಐಟಿಐ ಮುಗಿಸಿ ನಾಸಿಕದ ಸಾತಪುರಕ್ಕೆ ಕೆಲಸಕ್ಕೆ ಸೇರಿ ಎರಡು ವರ್ಷವಾಗಿದೆ. ಕೈಯಲ್ಲೊಂದು ದೊಡ್ಡ ಡಬ್ಬಿ, ಅದಕ್ಕೆ ಸುತ್ತಿದ ಹಳೆಯ ಟವೆಲ್ಲು. ಬಿಚ್ಚಿದರೆ ಐರನ್ ಮ್ಯಾನ್. ಒಂದಡಿ ಎತ್ತರದ ಗೊಂಬೆ, ಪಾರದರ್ಶಕ ಕಿಟಕಿಯ ಹಿಂದೆ ಕೆಂಪು, ಬಂಗಾರದ ಬಣ್ಣದಲ್ಲಿ ಮಿಂಚುತ್ತಿತ್ತು.

'ಅಣ್ಣಾರ, ಇದು ಅಸಲಿ ಐತೋ ನಕಲಿ ಐತೋ ನೋಡಿ ಹೇಳ್ರಿ. ನೀವು ಮೋಲ್ಡ್ ನೋಡೋರು, ನಿಮಗ ಗೊತ್ತಾಗ್ತೈತಿ.'

ಎಷ್ಟು ಕೊಟ್ಟೆ ಎಂದು ಕೇಳಿದೆ. ತಲೆ ತಗ್ಗಿಸಿ 22,000 ಎಂದ. ಬೋನಸ್ಸಿನ ಪೂರ್ತಿ ದುಡ್ಡು, ಮೇಲೆ ಸ್ವಲ್ಪ ಸಾಲ. ಆಟ ಆಡಲಿಕ್ಕಲ್ಲ, ಶೋಕಿಗೂ ಅಲ್ಲವಂತೆ. ಮೂರು ವರ್ಷ ಇಟ್ಟರೆ ದುಪ್ಪಟ್ಟು ಆಗುತ್ತದೆ, ಅಷ್ಟೊತ್ತಿಗೆ ತಂಗಿ ನರ್ಸಿಂಗ್ ಸೇರುತ್ತಾಳೆ, ಫೀಸಿಗೆ ಆಗುತ್ತದೆ ಎನ್ನುವುದು ಅವನ ಲೆಕ್ಕ. ಯಾವುದೋ ವಿಡಿಯೊದಲ್ಲಿ ಯಾರೋ ಹಾಗೆ ಹೇಳಿದ್ದರು.

ನನಗೆ ನಗು ಬರಲಿಲ್ಲ. ನಾನು ಪ್ಲಾಸ್ಟಿಕ್ ಅಚ್ಚುಗಳ ತಪಾಸಣೆಯಲ್ಲೇ ತಲೆ ಬೆಳ್ಳಗಾದವನು. ತ್ರ್ಯಂಬಕ ರಸ್ತೆಯ ಪಕ್ಕದ ಈ ಸಾತಪುರ ಎಂಐಡಿಸಿಯಲ್ಲಿ ನಮ್ಮಂಥ ಕನ್ನಡದವರು ಹೊಸಬರಲ್ಲ. ಬೆಂಗಳೂರಿನ ಮೈಕೋ ಕಂಪನಿ ಇಲ್ಲಿ ಕಾರ್ಖಾನೆ ತೆರೆದದ್ದರಿಂದ ನಾಸಿಕದಲ್ಲಿ ಇಂದಿಗೂ ಒಂದು ಮೈಕೋ ಸರ್ಕಲ್ ಇದೆ. ಡೀಸೆಲ್ ಎಂಜಿನ್ನಿನ ನಾಜಲ್ಲುಗಳನ್ನು ಮೈಕ್ರಾನ್ ಲೆಕ್ಕದಲ್ಲಿ ಅಳೆಯುವ ಊರು ಇದು. ಇಲ್ಲಿ ಒಂದು ವಸ್ತುವಿನ ಗುಣವನ್ನು ಕೈಯಲ್ಲಿ ಹಿಡಿದು, ಅಳೆದು, ಸಹಿ ಹಾಕಿ ಹೇಳುತ್ತೇವೆ. ಆ ಹುಡುಗ ನನ್ನಿಂದ ಕೇಳಿದ್ದೂ ಅಂಥದೇ ಒಂದು ಸಹಿಯನ್ನು.

ಆದರೆ ಅವನು ಒಂದೇ ಎಂದುಕೊಂಡು ಕೇಳಿದ್ದು ಎರಡು ಪ್ರಶ್ನೆ. ಗೊಂಬೆ ಚೆನ್ನಾಗಿದೆಯೇ ಎನ್ನುವುದು ಒಂದು. ಅದಕ್ಕೆ ಬೆಲೆ ಬರುತ್ತದೆಯೇ ಎನ್ನುವುದು ಇನ್ನೊಂದು.

ಮೊದಲನೆಯದಕ್ಕೆ ನನ್ನ ಕಸುಬಿನಲ್ಲಿ ಉತ್ತರವಿದೆ. ಗೊಂಬೆಯನ್ನು ಬೆಳಕಿಗೆ ಓರೆಯಾಗಿ ಹಿಡಿಯಬೇಕು. ಅಚ್ಚಿನ ಎರಡು ಭಾಗ ಕೂಡುವಲ್ಲಿ ಒಂದು ಗೆರೆ ಬಿದ್ದೇ ಬೀಳುತ್ತದೆ. ಒಳ್ಳೆಯ ಅಚ್ಚು ಮಾಡುವವನು ಅದನ್ನು ಕವಚದ ಅಂಚಿನಲ್ಲಿ, ತೋಳಿನ ಒಳಬದಿಯಲ್ಲಿ ಅಡಗಿಸುತ್ತಾನೆ. ಕೆಟ್ಟ ಕೆಲಸದಲ್ಲಿ ಆ ಗೆರೆ ಕೆನ್ನೆಯ ಮೇಲೇ ಹರಿದಿರುತ್ತದೆ. ಅಚ್ಚು ಸವೆದಿದ್ದರೆ ಅಥವಾ ಬಿಗಿಯಾಗಿ ಮುಚ್ಚದಿದ್ದರೆ ಅಂಚಿನಲ್ಲಿ ಈರುಳ್ಳಿ ಸಿಪ್ಪೆಯಂಥ ತೆಳು ಪ್ಲಾಸ್ಟಿಕ್ ನಿಲ್ಲುತ್ತದೆ, ಅದು ಫ್ಲ್ಯಾಶ್. ದಪ್ಪ ಭಾಗ ತಣ್ಣಗಾಗುವಾಗ ಒಳಕ್ಕೆ ಕುಗ್ಗಿ ಸಣ್ಣ ಗುಳಿ ಬೀಳುತ್ತದೆ, ಅದು ಸಿಂಕ್ ಮಾರ್ಕ್. ಕೀಲುಗಳನ್ನು ನಿಧಾನವಾಗಿ ತಿರುಗಿಸಬೇಕು. ಇಟ್ಟ ಭಂಗಿಯಲ್ಲಿ ನಿಲ್ಲಬೇಕು, ಆದರೆ ಬಿಗಿಯಿಂದ ಪ್ಲಾಸ್ಟಿಕ್ ಬೆಳ್ಳಗಾಗಬಾರದು. ಬಣ್ಣದ ಅಂಚನ್ನು ಭೂತಗನ್ನಡಿಯಲ್ಲಿ ನೋಡಬೇಕು. ಕಣ್ಣಿನ ಕಪ್ಪು ರೆಪ್ಪೆಯಾಚೆ ಹರಿದಿದೆಯೇ, ಬಂಗಾರದ ಬಣ್ಣ ಕೆಂಪಿನ ಮೇಲೆ ಸಿಡಿದಿದೆಯೇ?

ನಕಲಿಯನ್ನು ಹಿಡಿಯಲು ನಮ್ಮಲ್ಲೊಂದು ಸರಳ ಉಪಾಯವೂ ಇದೆ. ಅಸಲಿ ಗೊಂಬೆಯನ್ನೇ ಮಾದರಿಯಾಗಿಟ್ಟು ಅಚ್ಚು ತೆಗೆದರೆ, ಅದರಲ್ಲಿ ಹುಟ್ಟುವ ನಕಲು ಸಾಮಾನ್ಯವಾಗಿ ಕೂದಲೆಳೆಯಷ್ಟು ಚಿಕ್ಕದಾಗುತ್ತದೆ. ಏಕೆಂದರೆ ಪ್ಲಾಸ್ಟಿಕ್ ತಣ್ಣಗಾಗುವಾಗ ಕುಗ್ಗುತ್ತದೆ. ಅಂಚುಗಳೂ ಸವೆದ ನಾಣ್ಯದಂತೆ ಮೊಂಡಾಗುತ್ತವೆ. ಅಸಲಿ ಪಕ್ಕದಲ್ಲಿದ್ದರೆ ಕ್ಯಾಲಿಪರ್ ಹಿಡಿದು ಹೇಳಿಬಿಡಬಹುದು.

ಇಷ್ಟೆಲ್ಲಕ್ಕೂ ಒಂದೇ ಷರತ್ತು, ಡಬ್ಬಿ ಒಡೆಯಬೇಕು. ಹುಡುಗ ಕಂಗಾಲಾದ. 'ಒಡದ್ರ ರೇಟ್ ಹೋಗ್ತೈತ್ರಿ!'

ಅವನು ಹೇಳಿದ್ದು ನಿಜ. ಸಂಗ್ರಾಹಕರ ಮಾರುಕಟ್ಟೆಯಲ್ಲಿ ಹೆಚ್ಚು ಬೆಲೆ ತೆರೆಯದ ಡಬ್ಬಿಗೆ. ಗೊಂಬೆ ಅಂಟಿಸಿದ ರಟ್ಟು ಮಡಿಸಿರಬಾರದು, ಮೂಲೆ ಮುದುಡಿರಬಾರದು, ಅಂಟುಪಟ್ಟಿ ಕಿತ್ತಿರಬಾರದು. ಇದಕ್ಕೆಲ್ಲ ಅಂಕ ಕೊಟ್ಟು, ಗಾಜಿನಂಥ ಅಕ್ರಿಲಿಕ್ ಪೆಟ್ಟಿಗೆಯಲ್ಲಿ ಭದ್ರ ಮಾಡಿಕೊಡುವ ಸಂಸ್ಥೆಗಳು ಅಮೆರಿಕದಲ್ಲಿವೆ. ಅಂದರೆ ಯಾರೂ ಮುಟ್ಟಿ ನೋಡದ, ಕೀಲು ತಿರುಗಿಸದ ಗೊಂಬೆಗೇ ಅತಿ ಹೆಚ್ಚು ಹಣ. ನಮ್ಮ ಕಾರ್ಖಾನೆಯಲ್ಲಿ ತಪಾಸಣೆಯಾಗದ ಮಾಲಿಗೆ ಕೆಂಪು ಚೀಟಿ ಅಂಟಿಸಿ ಬದಿಗಿಡುತ್ತೇವೆ. ಅಲ್ಲಿ ತಪಾಸಣೆಯಾಗದ್ದೇ ಪ್ರಶಸ್ತಿ.

ಇದನ್ನು ಮೂರ್ಖತನ ಎಂದು ತಳ್ಳಿಹಾಕುವುದು ಸುಲಭ. ನಾನು ಹಾಗೆ ಹೇಳಲಾರೆ. ವಿರಳವಾದದ್ದಕ್ಕೆ ಜನ ದುಡ್ಡು ಕೊಡುವುದು ಹಳೆಯ ಸಂಗತಿ; ಅಂಚೆಚೀಟಿಗೂ ಕೊಡುತ್ತಾರೆ, ಹಳೆಯ ನಾಣ್ಯಕ್ಕೂ ಕೊಡುತ್ತಾರೆ. ನನ್ನ ತಕರಾರು ಇಷ್ಟೇ: ಬೆಲೆಯನ್ನು ಗುಣ ಎಂದು ತಿಳಿಯಬೇಡಿ, ಮತ್ತು ಎಲ್ಲ ವಿರಳತೆಯೂ ಒಂದೇ ಎಂದು ನಂಬಬೇಡಿ.

ಗುಣಕ್ಕೂ ಬೆಲೆಗೂ ಸಂಬಂಧವಿಲ್ಲದ್ದಕ್ಕೆ ಒಂದು ಪ್ರಸಿದ್ಧ ಉದಾಹರಣೆ ಇದೆ. 1978ರಲ್ಲಿ ಕೆನ್ನರ್ ಕಂಪನಿ ಸ್ಟಾರ್ ವಾರ್ಸ್ ಗೊಂಬೆಗಳನ್ನು ತಂದಾಗ ಜಾವಾ ಎಂಬ ಪುಟ್ಟ ಪಾತ್ರಕ್ಕೆ ಮೊದಲು ವಿನೈಲ್ ಮೇಲಂಗಿ ತೊಡಿಸಿತ್ತು. ನೋಡಲು ಕಳಪೆ ಅನ್ನಿಸುತ್ತದೆಂದು ಬೇಗನೆ ಅದನ್ನು ತೆಗೆದು ಬಟ್ಟೆಯ ಮೇಲಂಗಿ ಹಾಕಿದರು. ಬಟ್ಟೆಯದೇ ಚೆಂದ. ಆದರೆ ಇಂದು ಸಂಗ್ರಾಹಕರು ಮುಗಿಬೀಳುವುದು ಆ ಕಳಪೆ ವಿನೈಲಿಗೆ, ಏಕೆಂದರೆ ಉಳಿದಿರುವುದು ಕಡಿಮೆ. ಬೇರೆ ಗೊಂಬೆಯ ಮೇಲಂಗಿ ಕತ್ತರಿಸಿ ಜಾವಾನಿಗೆ ತೊಡಿಸಿ ಮೋಸ ಮಾಡುವವರೂ ಇದ್ದಾರೆ.

ನಮ್ಮ ದೇಶದ್ದೇ ಉದಾಹರಣೆ ಬೇಕಾದರೆ ಫನ್‌ಸ್ಕೂಲ್ ಇದೆ. 1987ರಲ್ಲಿ ಎಂಆರ್‌ಎಫ್ ಮತ್ತು ಅಮೆರಿಕದ ಹ್ಯಾಸ್ಬ್ರೋ ಸೇರಿ ಕಟ್ಟಿದ ಕಂಪನಿ, ಗೋವಾದಲ್ಲಿ ಕಾರ್ಖಾನೆ. ಬೆರಳುದ್ದದ ಜಿ.ಐ. ಜೋ ಗೊಂಬೆಗಳನ್ನು ಅದು ಹ್ಯಾಸ್ಬ್ರೋದ ಅಚ್ಚುಗಳಲ್ಲೇ ಮಾಡಿತು. ಅಚ್ಚು ಒಂದೇ ಆದರೂ ಬಣ್ಣಗಳು ಹಲವು ಸಲ ಬೇರೆಯಾದವು. ಅಮೆರಿಕದ ಹುಡುಗರು ಕಂಡರಿಯದ ಬಣ್ಣದ ಸೈನಿಕರು ಇಲ್ಲಿನ ಸ್ಟೇಷನರಿ ಅಂಗಡಿಗಳಲ್ಲಿ ತೂಗಿದವು. ಅಲ್ಲಿ ಆ ಸರಣಿ 1994ರಲ್ಲಿ ನಿಂತ ಮೇಲೂ ಇಲ್ಲಿ ತಯಾರಾಗುತ್ತಲೇ ಇದ್ದವು. ಈಗ ವಿದೇಶದ ಸಂಗ್ರಾಹಕರು ಅವನ್ನು ಹುಡುಕಿ ಕೊಳ್ಳುತ್ತಾರೆ. ಯಾಕೆ? ಮಕ್ಕಳು ಅವನ್ನು ಮಣ್ಣಲ್ಲಿ ಹೂತರು, ಚರಂಡಿಗೆ ಬಿಟ್ಟರು, ಕೈಕಾಲು ಕಿತ್ತರು. ಬೆಲೆ ಬರುತ್ತದೆಂದು ಯಾರೂ ಎತ್ತಿಡಲಿಲ್ಲ.

ಗಮನಿಸಬೇಕಾದದ್ದು ಇಲ್ಲೇ. ಸೂಪರ್‌ಮ್ಯಾನ್ ಮೊದಲ ಸಲ ಕಾಣಿಸಿಕೊಂಡ 1938ರ ಆಕ್ಷನ್ ಕಾಮಿಕ್ಸ್ ಮೊದಲ ಸಂಚಿಕೆ 10 ಸೆಂಟಿನದು. ಜನ ಓದಿ ಎಸೆದರು, ಆದ್ದರಿಂದ ಉಳಿದ ಕೆಲವಕ್ಕೆ ಇಂದು ಕೋಟಿಗಟ್ಟಲೆ ಬೆಲೆ. 1992ರಲ್ಲಿ ಸೂಪರ್‌ಮ್ಯಾನ್ ಸಾಯುವ ಸಂಚಿಕೆಯನ್ನು ಕಪ್ಪು ಚೀಲದಲ್ಲಿ ಮುಚ್ಚಿ ಮಾರಿದಾಗ ಜನ ಲಕ್ಷಾಂತರ ಪ್ರತಿ ಕೊಂಡು ಜೋಪಾನವಾಗಿ ಎತ್ತಿಟ್ಟರು. ಎಲ್ಲರೂ ಎತ್ತಿಟ್ಟಿದ್ದರಿಂದ ಅದು ಯಾರಿಗೂ ವಿರಳವಾಗಲಿಲ್ಲ. ಎತ್ತಿಡಲೆಂದೇ ಮಾಡಿದ ವಸ್ತುವಿನ ಹಣೆಬರಹ ಹೆಚ್ಚಾಗಿ ಇದೇ.

ಇನ್ನು 'ಸೀಮಿತ ಆವೃತ್ತಿ' ಎಂಬ ಮಾತು. ಅಚ್ಚು ಮಾಡುವವನಾಗಿ ಹೇಳುತ್ತೇನೆ, ಒಳ್ಳೆಯ ಉಕ್ಕಿನ ಅಚ್ಚಿನಲ್ಲಿ ಲಕ್ಷಗಟ್ಟಲೆ ತುಣುಕು ತೆಗೆಯಬಹುದು. 5,000ಕ್ಕೆ ನಿಲ್ಲಿಸುವುದು ಉಕ್ಕಿನ ಮಿತಿಯಲ್ಲ, ಆಫೀಸಿನಲ್ಲಿ ಕೂತವರ ನಿರ್ಧಾರ. ನಾಳೆ ಬಣ್ಣ ಬದಲಿಸಿ, ಕೈಗೊಂದು ಹೊಸ ಆಯುಧ ಕೊಟ್ಟು ಅದೇ ಅಚ್ಚಿನಲ್ಲಿ ಮತ್ತೆ ತೆಗೆಯಲು ಅಡ್ಡಿಯೇನೂ ಇಲ್ಲ. ಹಾಗೆ ಮಾಡಿದ ದಿನ ನಿಮ್ಮ ಡಬ್ಬಿಯ ಬೆಲೆ ಏನಾಗುತ್ತದೆ ಎಂದು ಮೂರು ವರ್ಷ ಮೊದಲೇ ಯಾರು ಹೇಳಬಲ್ಲರು?

ಡಬ್ಬಿಯೊಳಗೆ ಕಾಲ ನಿಂತಿರುವುದಿಲ್ಲ ಎನ್ನುವುದನ್ನೂ ಮರೆಯಬಾರದು. ಜಿ.ಐ. ಜೋ ಗೊಂಬೆಯ ಎದೆ, ಸೊಂಟಗಳನ್ನು ಹಿಡಿದಿಡುವುದು ಒಂದು ಪುಟ್ಟ ರಬ್ಬರ್ ಓ-ರಿಂಗ್. ಆಡಿದರೂ ಆಡದಿದ್ದರೂ ವರ್ಷಗಳಲ್ಲಿ ಅದು ಒಣಗಿ ತುಂಡಾಗುತ್ತದೆ. ಮೆತ್ತನೆಯ ಪಿವಿಸಿಗೆ ಬೆರೆಸಿದ ಎಣ್ಣೆಯಂಥ ರಾಸಾಯನಿಕ ಮೇಲಕ್ಕೆ ಬಂದು ಗೊಂಬೆ ಅಂಟಂಟಾಗುತ್ತದೆ. ಬಿಸಿಲು ತಾಗಿದರೆ ಬಿಳಿಯದು ಹಳದಿಯಾಗುತ್ತದೆ.

ನನ್ನ ಹೆಂಡತಿ ಮೈಸೂರು ಕಡೆಯವಳು. ನವರಾತ್ರಿ ಬಂದರೆ ನಮ್ಮ ಎರಡು ಕೋಣೆಯ ಮನೆಯಲ್ಲೂ ಗೊಂಬೆ ಕೂರಿಸುತ್ತಾಳೆ. ಮೇಲಿನ ಮೆಟ್ಟಿಲಲ್ಲಿ ಮದುವೆಯಲ್ಲಿ ತವರಿನವರು ಕೊಟ್ಟ ಪಟ್ಟದ ಗೊಂಬೆ ಜೋಡಿ, ಮರದ್ದು. ರಾಜನ ಮೂಗು ಒಂದಿಷ್ಟು ಸವೆದಿದೆ. ಪ್ರತಿ ವರ್ಷ ಬಟ್ಟೆ ಬದಲಿಸುವುದರಿಂದ 'ಮೂಲ ಸ್ಥಿತಿ' ಎಂಬುದೇ ಅದಕ್ಕಿಲ್ಲ. ಅದೂ ಸಂಗ್ರಹವೇ, ವರ್ಷಕ್ಕೊಂದು ಗೊಂಬೆ ಸೇರಿಸುವವರಲ್ಲಿ ಹಟ, ಹೆಮ್ಮೆ ಎಲ್ಲವೂ ಇರುತ್ತದೆ. ಆದರೆ ಅದನ್ನು ಡಬ್ಬಿಯಲ್ಲೇ ಇಟ್ಟು ಪೂಜೆ ಮಾಡಿದವರನ್ನು ನಾನು ಕಂಡಿಲ್ಲ. ಐರನ್ ಮ್ಯಾನ್ ಕೊಳ್ಳುವವರಿಗೂ ನನ್ನ ಸಲಹೆ ಇದೇ. ಇಷ್ಟವಿದ್ದರೆ, ಕಳೆದುಕೊಂಡರೂ ನಿದ್ದೆ ಕೆಡದಷ್ಟು ದುಡ್ಡಿನಲ್ಲಿ ಕೊಳ್ಳಿ. ಕೊಂಡ ಮೇಲೆ ತೆರೆಯಿರಿ. ತಂಗಿಯ ಫೀಸನ್ನು ಅದರೊಳಗೆ ಇಡಬೇಡಿ.

ಹುಡುಗನಿಗೆ ಅಂದು ಹೇಳಿದ್ದೂ ಅಷ್ಟೇ. ಕಿಟಕಿಯಲ್ಲಿ ಕಾಣುವಷ್ಟು ಭಾಗದ ಕೆಲಸ ಚೆನ್ನಾಗಿದೆ, ಹಿಂಬದಿ ನನಗೆ ಕಾಣುವುದಿಲ್ಲ, ಕಾಣದ್ದಕ್ಕೆ ಸಹಿ ಹಾಕಲಾರೆ ಎಂದೆ. ಮಾತಾಡದೆ ಟವೆಲ್ಲು ಸುತ್ತಿಕೊಂಡು ಹೋದ. ಬೇಸರವಾಯಿತೇನೋ ಎಂದುಕೊಂಡೆ.

ಎರಡು ವಾರದ ನಂತರ ಊಟದ ಬಿಡುವಿನಲ್ಲಿ ನೋಡಿದರೆ ಟೂಲ್‌ರೂಮಿನ ಸರ್ಫೇಸ್ ಪ್ಲೇಟಿನ ಮೇಲೆ ಐರನ್ ಮ್ಯಾನ್ ನಿಂತಿದ್ದಾನೆ, ಸುತ್ತ ಎಂಟು ಜನ. ಒಬ್ಬ ಮೊಣಕಾಲು ಮಡಿಸುತ್ತಿದ್ದ, ಇನ್ನೊಬ್ಬ ಭೂತಗನ್ನಡಿ ಹಿಡಿದಿದ್ದ. ನನ್ನ ಕೈಗೂ ಕೊಟ್ಟರು. ಗೆರೆಗಳನ್ನು ಕವಚದ ಅಂಚಿನಲ್ಲಿ ಜಾಣತನದಿಂದ ಅಡಗಿಸಿದ್ದರು, ಬಣ್ಣದ ಅಂಚು ಚೊಕ್ಕವಾಗಿತ್ತು. ಎಡಗಾಲಿನ ಹಿಮ್ಮಡಿಯ ಕೀಲು ಮಾತ್ರ ಸ್ವಲ್ಪ ಸಡಿಲ. 'ಪಾಸ್' ಎಂದೆ.

ತಂಗಿಯ ಹೆಸರಿನಲ್ಲಿ ಅಂಚೆ ಕಚೇರಿಯಲ್ಲಿ ಆರ್‌ಡಿ ಮಾಡಿಸಿದ್ದಾನಂತೆ. ತಿಂಗಳಿಗೆ 1,500.