ಮೂವರು ದೇವರಲ್ಲ, ಮೂರು ಹೆಸರೂ ಅಲ್ಲ

ಅಕ್ಕಲಕೋಟದಲ್ಲಿ ಕ್ರೈಸ್ತನಾಗಿ ಬಾಳಿದವನಿಗೆ ಒಂದು ಪ್ರಶ್ನೆ ತಪ್ಪಿದ್ದಲ್ಲ. ವಟವೃಕ್ಷ ದೇವಸ್ಥಾನದ ಹಾದಿಯಲ್ಲಿ ಹೂವು ಮಾರುವವರಿಂದ ಹಿಡಿದು ನನ್ನ ಜೊತೆ ಕನ್ನಡ ಶಾಲೆಯಲ್ಲಿ ಕಲಿಸಿದ ಮಾಸ್ತರರವರೆಗೆ ಎಲ್ಲರೂ ಪ್ರೀತಿಯಿಂದಲೇ ಕೇಳಿದ್ದಾರೆ: "ಸರ್, ತಂದಿ, ಮಗ, ಪವಿತ್ರಾತ್ಮ ಅಂತೀರಲ್ರಿ, ಅದು ನಮ್ಮ ದತ್ತಾತ್ರೇಯನಂಗ ಹೌದಲ್ರಿ?" 1878ರಲ್ಲಿ ಸಮಾಧಿಸ್ಥರಾದ ಸ್ವಾಮಿ ಸಮರ್ಥರನ್ನು ದತ್ತನ ಅವತಾರವೆಂದು ಪೂಜಿಸುವ ಊರಿದು. ಗಾಣಗಾಪುರವೂ ದೂರವಿಲ್ಲ. ಮೂವರು ದೇವರು ಒಂದಾದ ದತ್ತನ ಮೂರು ಮುಖದ ಮೂರ್ತಿ ಮನೆಮನೆಯಲ್ಲಿರುವಾಗ ಆ ಪ್ರಶ್ನೆ ಹುಟ್ಟುವುದು ಸಹಜ.

ಸೊಲ್ಲಾಪುರಕ್ಕೆ ಬಂದರೆ ಸಿದ್ಧರಾಮನ ನೆಲ. ಅಲ್ಲಿಯ ಲಿಂಗಾಯತ ಗೆಳೆಯರ ಮಾತೇ ಬೇರೆ: "ದೇವರು ಒಬ್ಬನ ಅದಾನ. ನೀವು ಅವಗ ಮೂರು ಹೆಸರು ಇಟ್ಟೀರಿ, ಅಷ್ಟ ಅಲ್ಲೇನ್ರಿ?"

ಎರಡೂ ಮಾತಿನ ಹಿಂದೆ ನಮ್ಮನ್ನು ಹತ್ತಿರ ಮಾಡಿಕೊಳ್ಳುವ ಮನಸ್ಸಿದೆ, ಅದಕ್ಕೆ ನಾನು ಋಣಿ. ಆದರೆ ಎರಡಕ್ಕೂ ನಾನು ಹೂಂ ಅನ್ನಲಾರೆ. ನಮ್ಮ ಕ್ರೈಸ್ತರೇ ಎಷ್ಟೋ ಜನ ವಾದ ಬೇಡವೆಂದು ತಲೆಯಾಡಿಸಿಬಿಡುತ್ತಾರಲ್ಲ, ಅದು ನನ್ನನ್ನು ನೋಯಿಸುತ್ತದೆ. ತ್ರಯೈಕ ದೇವರು, ಅಂದರೆ ತಂದೆ, ಮಗ, ಪವಿತ್ರಾತ್ಮನಾಗಿರುವ ಒಬ್ಬನೇ ದೇವರು, ಎಂಬುದು ನಾವು ಜಪಿಸುವ ಮಾತಾಗಿ ಉಳಿದಿದೆ, ಓದಿ ತಿಳಿಯುವ ಸಂಗತಿಯಾಗಿ ಅಲ್ಲ.

ಬೈಬಲಿನಲ್ಲಿ ಆ ಪದವೇ ಇಲ್ಲ. ಇರುವುದು ಪ್ರಸಂಗಗಳು. ಎಲ್ಲಕ್ಕಿಂತ ದೊಡ್ಡ ಆಜ್ಞೆ ಯಾವುದೆಂದು ಶಾಸ್ತ್ರಿಯೊಬ್ಬ ಕೇಳಿದಾಗ ಯೇಸು ಮೊದಲು ಹೇಳಿದ್ದು ಧರ್ಮೋಪದೇಶಕಾಂಡದ ಮಾತನ್ನು: ಇಸ್ರಾಯೇಲಿನ ದೇವರು ಒಬ್ಬನೇ. ಮಾರ್ಕನ 12ನೆಯ ಅಧ್ಯಾಯದಲ್ಲಿ ಇದಿದೆ. ಮೂವರು ದೇವರ ಮಾತು ಅಲ್ಲಿಗೇ ನಿಲ್ಲುತ್ತದೆ. ಇನ್ನು ಒಬ್ಬನಿಗೇ ಮೂರು ಹೆಸರು ಎನ್ನುವವರು ಮತ್ತಾಯನ 3ನೆಯ ಅಧ್ಯಾಯ ಓದಲಿ. ಯೊರ್ದಾನಿನಲ್ಲಿ ದೀಕ್ಷಾಸ್ನಾನ ಪಡೆದ ಯೇಸು ನೀರಿನಿಂದ ಮೇಲೆ ಬರುತ್ತಾನೆ, ಆತ್ಮವು ಪಾರಿವಾಳದ ಹಾಗೆ ಇಳಿಯುತ್ತದೆ, ಮಗನನ್ನು ಮೆಚ್ಚಿ ಆಕಾಶದಿಂದ ತಂದೆ ಮಾತಾಡುತ್ತಾನೆ. ಮೂರೂ ಒಂದೇ ಗಳಿಗೆಯಲ್ಲಿ. ಹೆಸರಷ್ಟೇ ಬೇರೆಯಾಗಿದ್ದರೆ ಯಾರು ಯಾರನ್ನು ಮೆಚ್ಚಿದ್ದು? ಭಾನುವಾರದ ಶಾಲೆಯಲ್ಲಿ ನೀರು, ಮಂಜುಗಡ್ಡೆ, ಉಗಿ ಎಂದು ಮಕ್ಕಳಿಗೆ ಹೇಳಿಕೊಡುವವರೂ ಇದನ್ನು ಯೋಚಿಸಬೇಕು. ಅದೇ ನೀರು ಅದೇ ಗಳಿಗೆಯಲ್ಲಿ ಪೂರ್ತಿಯಾಗಿ ಮೂರೂ ಆಗಿರಲಾರದು.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಯೋಹಾನನ 20ನೆಯ ಅಧ್ಯಾಯದಲ್ಲಿರುವ ಶಿಷ್ಯ ತೋಮನ ಪ್ರಸಂಗ. ಯೇಸು ಸತ್ತು ಎದ್ದನೆಂಬುದನ್ನು ಗಾಯ ನೋಡದೆ ನಂಬೆನೆಂದವನು ಆತನನ್ನು ಕಂಡೊಡನೆ ನನ್ನ ಕರ್ತನೇ, ದೇವರೇ ಎಂದು ಕರೆಯುತ್ತಾನೆ. ಯೇಸು ಬೇಡವೆನ್ನುವುದಿಲ್ಲ. ಅಪೊಸ್ತಲರ ಕೃತ್ಯಗಳಲ್ಲಿ ಕೊರ್ನೇಲ್ಯನೆಂಬವನು ಯೇಸುವಿನ ಶಿಷ್ಯ ಪೇತ್ರನ ಕಾಲಿಗೆ ಬಿದ್ದಾಗ ಪೇತ್ರ ಅವನನ್ನು ಎತ್ತಿ ನಿಲ್ಲಿಸಿ, ತಾನೂ ಮನುಷ್ಯನೇ ಅನ್ನುತ್ತಾನೆ. ಇವೆರಡನ್ನೂ ಒಟ್ಟಿಗೆ ಓದಿದವನಿಗೆ ಯೇಸು ಯಾರೆಂಬುದನ್ನು ನಾನು ಬೇರೆ ಹೇಳಬೇಕಿಲ್ಲ.

ಇದೆಲ್ಲ 325ರ ನಿಕೇಯ ಸಭೆಯಲ್ಲಿ ರಾಜನೊಬ್ಬ ಕಟ್ಟಿಸಿದ್ದು ಎಂಬ ಮಾತೂ ಈಗ ಮೊಬೈಲಿನಲ್ಲಿ ಓಡಾಡುತ್ತದೆ. ಆರಾಧನೆಯ ಕೊನೆಗೆ ಪಾಳಕರು ಕೊಡುವ ಆಶೀರ್ವಾದ ಕೇಳಿ: ಕ್ರಿಸ್ತನ ಕೃಪೆ, ದೇವರ ಪ್ರೀತಿ, ಪವಿತ್ರಾತ್ಮನ ಅನ್ಯೋನ್ಯತೆ. ಪೌಲ ಅದನ್ನು ಕೊರಿಂಥದವರಿಗೆ ಬರೆದದ್ದು ಮೊದಲ ಶತಮಾನದ ನಡುವಿನಲ್ಲಿ, ನಿಕೇಯಕ್ಕಿಂತ ಎರಡೂವರೆ ಶತಮಾನಕ್ಕೂ ಮುಂಚೆ. ಸಭೆಗಳು ಮಾತನ್ನು ಬಿಗಿಗೊಳಿಸಿದವು, ನಂಬಿಕೆ ಅದಾಗಲೇ ಇತ್ತು.

ಹಾಗೆಂದು ಪ್ರಶ್ನೆ ಕೇಳುವವರನ್ನು ಗದರಿಸಬಾರದು. ಇಲ್ಲಿ ನನಗೆ ಪಂಡಿತಾ ರಮಾಬಾಯಿ ನೆನಪಾಗುತ್ತಾರೆ. 1858ರಲ್ಲಿ ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ ಹುಟ್ಟಿದ ಈ ಹೆಣ್ಣುಮಗಳು 1883ರಲ್ಲಿ ಇಂಗ್ಲೆಂಡಿನ ವಾಂಟೇಜಿನಲ್ಲಿ ದೀಕ್ಷಾಸ್ನಾನ ಪಡೆದರು. ಎರಡು ವರ್ಷದೊಳಗೆ ವಾಂಟೇಜಿನ ಸನ್ಯಾಸಿನಿ ಸಿಸ್ಟರ್ ಜೆರಾಲ್ಡಿನ್ ಮತ್ತು ಚೆಲ್ಟನಮ್ ಕಾಲೇಜಿನ ಡೊರೊಥಿಯಾ ಬೀಲ್ ಅವರೊಡನೆ ಪತ್ರಗಳಲ್ಲಿ ವಾದಕ್ಕಿಳಿದರು. ತ್ರಯೈಕತ್ವ ಶಾಸ್ತ್ರದಲ್ಲಿ ಎಲ್ಲಿದೆ? ಅಥನಾಸಿಯನ ಹೆಸರಿನ ವಿಶ್ವಾಸಪ್ರಮಾಣವನ್ನು ಒಪ್ಪಲೇಬೇಕೇಕೆ? ತನಗೂ ಸ್ವಂತ ಮನಸ್ಸಾಕ್ಷಿ ಇದೆಯೆಂದು ಬರೆದರು. ಬೀಲ್ ತಾಳ್ಮೆಯಿಂದ ಉತ್ತರಿಸಿದರು, ಜೆರಾಲ್ಡಿನ್ ಅದನ್ನು ಅಹಂಕಾರವೆಂದರು. ಅಹಂಕಾರವೆಂದದ್ದು ಅನ್ಯಾಯ ಎಂದೇ ನನ್ನ ಅಭಿಪ್ರಾಯ.

ಪ್ರಶ್ನೆ ಕೇಳಿದ್ದರಿಂದ ರಮಾಬಾಯಿ ಕ್ರಿಸ್ತನನ್ನು ಬಿಟ್ಟು ಹೋಗಲಿಲ್ಲ. ಸೊಲ್ಲಾಪುರದಿಂದ ಪುಣೆಗೆ ಹೋಗುವ ರೈಲು ದೌಂಡ್ ದಾಟಿದ ಮೇಲೆ ಸಿಗುವ ಕೇಡಗಾಂವದಲ್ಲಿ ನಿರಾಶ್ರಿತ ಹೆಣ್ಣುಮಕ್ಕಳಿಗಾಗಿ ಮುಕ್ತಿ ಮಿಷನ್ ಕಟ್ಟಿದರು. 1905ರಲ್ಲಿ ಅಲ್ಲಿ ನೂರಾರು ಹೆಣ್ಣುಮಕ್ಕಳು ಪವಿತ್ರಾತ್ಮನಿಗಾಗಿ ಹಗಲೂ ರಾತ್ರಿ ಪ್ರಾರ್ಥಿಸಿದರು. ರಮಾಬಾಯಿ ಹೀಬ್ರೂ, ಗ್ರೀಕ್ ಕಲಿತು ಇಡೀ ಬೈಬಲನ್ನು ಮೂಲದಿಂದಲೇ ಮರಾಠಿಗೆ ತಂದರು. ಅವರು ತೀರಿಕೊಂಡದ್ದು 1922ರಲ್ಲಿ, ಆ ಅನುವಾದ ಹೊರಬಂದದ್ದು 1924ರಲ್ಲಿ. ಶಾಸ್ತ್ರದಲ್ಲಿ ಎಲ್ಲಿದೆ ಎಂದು ಕೇಳಿದವರು ಶಾಸ್ತ್ರವನ್ನೇ ಅಕ್ಷರ ಅಕ್ಷರ ಬಿಡಿಸಿ ನೋಡಿದರು.

ದೃಢೀಕರಣದ ತರಗತಿಗೆ ಬರುವ ನಮ್ಮ ಹುಡುಗ ಹುಡುಗಿಯರು ಅದೇ ಪ್ರಶ್ನೆ ಕೇಳಿದರೆ ಸಿಗುವ ಉತ್ತರ, "ಇದು ರಹಸ್ಯ, ಸುಮ್ಮನ ನಂಬು." ರಹಸ್ಯ ಹೌದು, ಆದರೆ ಓದಿ ಮುಗಿಸಿದ ಮೇಲೆ ಉಳಿಯುವ ರಹಸ್ಯ ಅದು. ಇನ್ನು ಕೆಲವರು ಯೋಹಾನನ ಮೊದಲ ಪತ್ರದ 5:7ನ್ನು ಮುಂದಿಡುತ್ತಾರೆ. ಪರಲೋಕದ ಮೂವರು ಸಾಕ್ಷಿಗಳ ಆ ಮಾತು ಹಳೆಯ ಗ್ರೀಕ್ ಹಸ್ತಪ್ರತಿಗಳಲ್ಲಿಲ್ಲ. ಗ್ರೀಕ್ ಹೊಸ ಒಡಂಬಡಿಕೆಯನ್ನು ಮುದ್ರಿಸಿದ ವಿದ್ವಾಂಸ ಎರಾಸ್ಮಸ್ ಅದನ್ನು 1516ರ ಮುದ್ರಣದಲ್ಲಿ ಬಿಟ್ಟು, 1522ರ ಮುದ್ರಣದಲ್ಲಿ ಸೇರಿಸಿದ. ಅದನ್ನು ನೆಚ್ಚಿ ವಾದಿಸಿದ ಹುಡುಗ ನಾಳೆ ಈ ಸಂಗತಿ ತಿಳಿದಾಗ ಉಳಿದದ್ದನ್ನೂ ಅನುಮಾನಿಸುತ್ತಾನೆ. ಆ ವಚನವನ್ನು ಸಾಕ್ಷಿಯಾಗಿ ಬಳಸುವುದನ್ನು ನಾವು ಬಿಡಬೇಕು, ಅದಿಲ್ಲದೆಯೂ ನಮ್ಮ ನಂಬಿಕೆಗೆ ಆಧಾರ ಸಾಕಷ್ಟಿದೆ.

ಇಲ್ಲಿಯ ಪಾಳಕರಲ್ಲಿ ನನ್ನ ಬೇಡಿಕೆ ಇಷ್ಟೇ. ದೃಢೀಕರಣಕ್ಕೆ ಮುಂಚೆ ನಾಲ್ಕು ಭಾನುವಾರ ಮೀಸಲಿಡಿ: ಮಾರ್ಕ 12, ಮತ್ತಾಯ 3, ಪವಿತ್ರಾತ್ಮನನ್ನು ಕೊಡುವಂತೆ ತಂದೆಯನ್ನು ಕೇಳುವೆನೆಂದು ಯೇಸು ಹೇಳುವ ಯೋಹಾನ 14, ಯೋಹಾನ 20. ಅಕ್ಕಲಕೋಟ ತಾಲೂಕಿನ ಮಕ್ಕಳು ಮನೆಯಲ್ಲಿ ಕನ್ನಡ ಮಾತಾಡಿ ಚರ್ಚಿನಲ್ಲಿ ಮರಾಠಿಯಲ್ಲಿ ಪ್ರಾರ್ಥಿಸುತ್ತಾರೆ. ಎರಡೂ ಭಾಷೆಯ ಬೈಬಲುಗಳು ಮೇಜಿನ ಮೇಲಿರಲಿ. ಮಕ್ಕಳೇ ಗಟ್ಟಿಯಾಗಿ ಓದಲಿ, ತಿಳಿಯದಲ್ಲಿ ನಿಲ್ಲಿಸಿ ಕೇಳಲಿ. ಮುಂದಿನ ಅಧ್ಯಾಯಕ್ಕೆ ಅವಸರಪಡುವುದು ಬೇಡ.