ಚೆಂಗ್ಡು: ಮೆಟ್ರೊ, ಮೊಬೈಲು, ಬಿದಿರಿನ ಕುರ್ಚಿ

ಚೀನಾಕ್ಕೆ ಹೋಗಿಬಂದವರು ಹೇಳುವ ಕಥೆ ಎರಡೇ. ಒಂದರಲ್ಲಿ ರಸ್ತೆಗಳು ಲಕಲಕ ಹೊಳೆಯುತ್ತವೆ, ರೈಲು ಹೊತ್ತು ತಪ್ಪುವುದಿಲ್ಲ, ನಡುರಾತ್ರಿಯಲ್ಲೂ ಹೆಣ್ಣುಮಕ್ಕಳು ಒಬ್ಬರೇ ಓಡಾಡುತ್ತಾರೆ. ಇನ್ನೊಂದರಲ್ಲಿ ಹೆಜ್ಜೆಗೊಂದು ಕ್ಯಾಮೆರಾ. ವಾಟ್ಸ್ಆ್ಯಪ್ ಇಲ್ಲ, ಗೂಗಲ್ ಇಲ್ಲ. ಸಿಚುವಾನ್ ಪ್ರಾಂತದ ರಾಜಧಾನಿ, ಸುಮಾರು ಎರಡು ಕೋಟಿ ಜನರ ಚೆಂಗ್ಡುವಿನ ಮಟ್ಟಿಗೆ ಎರಡೂ ಸುಳ್ಳಲ್ಲ. ಎರಡೂ ಸಾಲದು, ಅಷ್ಟೆ.

ಬೆಂಗಳೂರಿನವರ ಕಣ್ಣು ಮೊದಲು ಬೀಳುವುದು ಮೆಟ್ರೊ ಮೇಲೆ. ಚೆಂಗ್ಡುವಿನ ಮೊದಲ ಮಾರ್ಗ ತೆರೆದದ್ದು 2010ರಲ್ಲಿ, ನಮ್ಮದು 2011ರಲ್ಲಿ. ಅಲ್ಲಿ ಈಗ 600 ಕಿ.ಮೀ. ದಾಟಿದೆ, ಇಲ್ಲಿ 2025ರಲ್ಲಿ ಹಳದಿ ಮಾರ್ಗ ಸೇರಿದ ಮೇಲೂ 100 ಮುಟ್ಟಲಿಲ್ಲ. ‘ಸರ್ವಾಧಿಕಾರ ಇದ್ದರೆ ಆಗುತ್ತೆ ಬಿಡಿ’ ಅನ್ನುವುದು ಸೋಮಾರಿ ಉತ್ತರ. ಹಣ ಹೊಂದಿಸುವ ತಾಕತ್ತು, ಪಳಗಿದ ಇಂಜಿನಿಯರುಗಳು, ಹಿಡಿದ ಕೆಲಸ ಬಿಡದ ನಗರಾಡಳಿತ ಇವೂ ಬೇಕಲ್ಲ! ಹಾಗೆಂದು ಚೀನಾದ ನಗರಗಳಲ್ಲಿ ನೆಲವೆಲ್ಲ ಸರ್ಕಾರದ್ದು ಎಂಬುದನ್ನು ಮರೆಯುವಂತಿಲ್ಲ. ಮನೆ ಬಿಡಿ ಎಂದಾಗ ಪರಿಹಾರಕ್ಕೆ ಚೌಕಾಸಿ ಮಾಡಬಹುದು. ಯೋಜನೆಯೇ ಬೇಡ ಎಂದು ಹಟ ಹಿಡಿದು ಗೆಲ್ಲುವುದು ಅಪರೂಪ.

ಮೊಬೈಲಿನ ವಿಷಯಕ್ಕೆ ಬಂದರೆ ತಕ್ಕಡಿ ಹಿಡಿಯುವುದೇ ಕಷ್ಟ. ತರಕಾರಿ ಗಾಡಿಯ ಕ್ಯೂಆರ್ ಕೋಡ್ ಯುಪಿಐ ಬಳಸುವ ನಮಗೆ ಬೆರಗೇನಲ್ಲ. ಆದರೆ ಅಲ್ಲಿ ಹರಟೆ, ಹಣ, ಟಿಕೆಟ್ಟು, ಆಸ್ಪತ್ರೆಯ ಸರದಿ ಎಲ್ಲವೂ ವಿಚಾಟ್ ಎಂಬ ಒಂದೇ ಆ್ಯಪಿನಲ್ಲಿ. ಎಷ್ಟು ಅನುಕೂಲವೋ ಅಷ್ಟೇ ಅಪಾಯ, ಯಾಕೆಂದರೆ ಎರಡೂ ಹುಟ್ಟುವುದು ಒಂದೇ ಕಡೆ. 2022ರ ಜೂನ್‌ನಲ್ಲಿ, ಬ್ಯಾಂಕುಗಳಲ್ಲಿ ಸಿಕ್ಕಿಬಿದ್ದ ತಮ್ಮ ದುಡ್ಡು ಕೇಳಲು ಝೆಂಗ್‌ಝೌ ನಗರಕ್ಕೆ ಹೊರಟ ಠೇವಣಿದಾರರ ಮೊಬೈಲಿನಲ್ಲಿ, ಓಡಾಟಕ್ಕೆ ಅನುಮತಿ ಕೊಡುವ ಕೋವಿಡ್ ಕೋಡ್ ಇದ್ದಕ್ಕಿದ್ದಂತೆ ಕೆಂಪಾಯಿತು. ರೋಗ ಇರಲಿಲ್ಲ, ಪ್ರಯಾಣ ಮಾತ್ರ ನಿಂತಿತು. ದೇಶವೆಲ್ಲ ಗದ್ದಲವೆದ್ದು, ಕೋಡ್ ಕೆಂಪು ಮಾಡಿಸಿದ ಅಧಿಕಾರಿಗಳಿಗೆ ಶಿಕ್ಷೆಯಾಯಿತು ಎಂಬುದನ್ನೂ ಹೇಳಬೇಕು. ರಾತ್ರಿಯ ನಿರ್ಭಯಕ್ಕೆ ಕ್ಯಾಮೆರಾಗಳೇ ಕಾರಣ ಎಂಬ ವಾದವನ್ನು ಮಾತ್ರ ನಾನು ಒಪ್ಪಲಾರೆ. ಇಂಥ ಆಡಳಿತವಿಲ್ಲದ ತೈವಾನಿನ ತೈಪೆಯಲ್ಲೂ ಜನ ಹಾಗೇ ನಿಶ್ಚಿಂತೆಯಿಂದ ಓಡಾಡುತ್ತಾರೆ.

ಇಷ್ಟೆಲ್ಲ ಲೆಕ್ಕ ಹಾಕುವವರು ಪೀಪಲ್ಸ್ ಪಾರ್ಕಿನ ಹೆಮಿಂಗ್ ಚಹಾದಂಗಡಿಯಲ್ಲಿ ಒಂದು ಮಧ್ಯಾಹ್ನ ಕೂರಬೇಕು. ಪಾರ್ಕು 1911ರದ್ದು. ಬಿದಿರಿನ ಕುರ್ಚಿ, ಮುಚ್ಚಳವಿರುವ ಬಟ್ಟಲು. ಒಮ್ಮೆ ದುಡ್ಡು ಕೊಟ್ಟರೆ ಅದೇ ಎಲೆಗೆ ಎಷ್ಟು ಸಲ ಬೇಕಾದರೂ ಬಿಸಿನೀರು. ಎದ್ದುಹೋಗಿ ಎನ್ನುವವರಿಲ್ಲ. ಕಿವಿ ಶುಚಿ ಮಾಡುವವರು ಉಕ್ಕಿನ ಚಿಮಟ ಮೀಟಿ ಝಣ್ ಎನ್ನಿಸುತ್ತ ಮೇಜುಗಳ ನಡುವೆ ಸುಳಿಯುತ್ತಾರೆ. ಪಕ್ಕದಲ್ಲಿ ಇಸ್ಪೀಟು, ಆಚೆ ನಿವೃತ್ತರ ಕುಣಿತ, ಇನ್ನಷ್ಟು ಆಚೆ ಮಕ್ಕಳಿಗೆ ಸಂಬಂಧ ಹುಡುಕಲು ವಯಸ್ಸು, ಎತ್ತರ, ಓದು, ಸಂಬಳ ಬರೆದ ಚೀಟಿ ಹಾಕಿ ನಿಂತ ಅಪ್ಪ-ಅಮ್ಮಂದಿರು. ಜನ ಸದಾ ಹೆದರಿ ಬದುಕುತ್ತಾರೆ ಎಂದು ಬರೆಯುವವರಿಗೆ ಈ ಗದ್ದಲವೇ ಉತ್ತರ. ಹಾಗೆಯೇ, ಈ ಸುಖವನ್ನು ಕಮ್ಯುನಿಸ್ಟ್ ಪಕ್ಷದ ಸಾಧನೆಯ ಪಟ್ಟಿಗೆ ಸೇರಿಸುವವರಿಗೆ ಒಂದು ಮಾತು: ಚೆಂಗ್ಡುವಿನವರ ಚಹಾದ ಚಟ ಪಕ್ಷಕ್ಕಿಂತ ಬಹಳ ಹಳೆಯದು. ಇನ್ನು ಆ ಮೇಜುಗಳಲ್ಲಿ ಯಾವ ಮಾತು ಆಡುವುದಿಲ್ಲ ಎನ್ನುವುದು ಭಾಷೆ ಬಾರದ ಅತಿಥಿಗೆ ಗೊತ್ತಾಗುವ ಸಂಗತಿಯೇ ಅಲ್ಲ.

ಅತಿಥಿಗೆ ಕಾಣದ ಇನ್ನೊಂದಿದೆ: ಹುಕೋವು, ಅಂದರೆ ಊರಿನ ಕುಟುಂಬ ನೋಂದಣಿ. ಹೋಟೆಲ್ ಬಾಗಿಲಿಗೆ ಅರ್ಧ ಗಂಟೆಯಲ್ಲಿ ಬಿಸಿ ನೂಡಲ್ಸ್ ತಲುಪಿಸುವ ಹುಡುಗರಲ್ಲಿ ಬಹಳಷ್ಟು ಮಂದಿ ಹಳ್ಳಿಯವರು. ನಿಯಮ ಹಲವೆಡೆ ಸಡಿಲವಾಗಿದೆ, ನಿಜ. ಆದರೂ ನಗರದ ನೋಂದಣಿ ಇಲ್ಲದವರಿಗೆ ಮಕ್ಕಳನ್ನು ಅಲ್ಲಿನ ಸರ್ಕಾರಿ ಶಾಲೆಗೆ ಸೇರಿಸುವುದು ಸುಲಭವಲ್ಲ. ಎಷ್ಟೋ ಮಕ್ಕಳು ಇಂದಿಗೂ ಊರಲ್ಲಿ ಅಜ್ಜ-ಅಜ್ಜಿಯ ಬಳಿಯೇ ಬೆಳೆಯುತ್ತಾರೆ. ನೂಡಲ್ಸ್ ಅಷ್ಟು ಅಗ್ಗಕ್ಕೆ ಬಾಗಿಲಿಗೆ ಬರುವುದರ ಲೆಕ್ಕದಲ್ಲಿ ಇದೂ ಸೇರಿದೆ.